ಕುಡಿಕೆ ಹೊನ್ನಿನ ಲೆಕ್ಕ

ಮುಂಬಯಿಯಲ್ಲಿ ಕೂತು ಹಣಕಾಸಿನ ಕಾಗದಪತ್ರಗಳನ್ನು ಕನ್ನಡಕ್ಕೆ ತರುವುದು ನನ್ನ ಹೊಟ್ಟೆಪಾಡು. ಮ್ಯೂಚುವಲ್ ಫಂಡಿನ ಕರಪತ್ರ, ವಿಮೆಯ ಷರತ್ತು, ಸಾಲದ ಕರಾರು, ಆಗೀಗ ಯಾವುದಾದರೂ ಸಂಸ್ಥೆಯ ವರದಿ. ಎರಡು ವರ್ಷದ ಹಿಂದೆ ಗಣಿ ಜಿಲ್ಲೆಗಳ ಅಭಿವೃದ್ಧಿಯ ಬಗ್ಗೆ ಒಂದು ಕೈಪಿಡಿ ಬಂತು. ಅದರಲ್ಲಿ ‘ಮಿನರಲ್ ರೆವಿನ್ಯೂ’ ಎಂಬ ಮಾತು ಪುಟಕ್ಕೆರಡು ಸಲ. ನಾನು ಅದನ್ನು ‘ಖನಿಜ ಮಾರಿ ಬಂದ ಹಣ’ ಎಂದು ಬರೆದೆ. ಪರಿಶೀಲನೆಗೆ ಹೋದ ಕಡತ ವಾಪಸು ಬಂದಾಗ ಅಷ್ಟೂ ಕಡೆ ಕೆಂಪು ಗುರುತು: ‘ಖನಿಜ ಆದಾಯ ಎಂದಿರಲಿ’. ಫೋನ್ ಮಾಡಿದೆ. “ಎರಡೂ ಒಂದೇ ಅಲ್ವಾ? ಚಿಕ್ಕದಾಗಿರಲಿ ಬಿಡಿ” ಅಂದರು. ಗಡುವು ಹತ್ತಿರವಿತ್ತು, ಮನೆ ಬಾಡಿಗೆಯ ದಿನವೂ ಹತ್ತಿರವಿತ್ತು. ತಿದ್ದಿ ಕಳಿಸಿದೆ.

ಎರಡೂ ಒಂದೇ ಅಲ್ಲ. ಅಂದು ಫೋನಿನಲ್ಲಿ ಆಡಬೇಕಿದ್ದ ಜಗಳವನ್ನು ಇಂದು ನಿಮ್ಮೆದುರು ಆಡುತ್ತಿದ್ದೇನೆ.

ಮನೆ ನಡೆಸುವ ಯಾರಿಗೂ ಗೊತ್ತಿರುವ ಸಂಗತಿ ಇದು. ತಿಂಗಳ ಸಂಬಳ ಆದಾಯ. ತೋಟದ ಅಡಿಕೆ ಮಾರಿ ಬಂದದ್ದೂ ಆದಾಯ. ಮುಂದಿನ ವರ್ಷ ಮರ ಮತ್ತೆ ಗೊನೆ ಬಿಡುತ್ತದೆ. ತೋಟವನ್ನೇ ಮಾರಿದರೆ ಬರುವ ಹಣ ಆದಾಯವಲ್ಲ. ಆ ಹಣವನ್ನು ಹೊಸ ಕಾರಿಗೂ ದಿನಸಿ ಖರ್ಚಿಗೂ ಸುರಿದವನನ್ನು ಊರು ಏನೆಂದು ಕರೆಯುತ್ತದೆಂದು ನಿಮಗೆ ಗೊತ್ತು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯನ್ನು ಸೋಮಾರಿಗಳಿಗೆ ಹೇಳಿದ್ದೆಂದು ತಿಳಿದಿದ್ದೇವೆ. ಅದರಲ್ಲೊಂದು ಲೆಕ್ಕದ ಪಾಠವೂ ಇದೆ: ಕುಡಿಕೆಯಿಂದ ತೆಗೆದದ್ದು ಗಳಿಕೆಯಲ್ಲ.

ಸಂಡೂರಿನ ಗುಡ್ಡದ ಅದಿರು ಅಡಿಕೆಯಲ್ಲ. ಅಗೆದದ್ದು ಮತ್ತೆ ಬೆಳೆಯುವುದಿಲ್ಲ. ಆದರೂ ನಮ್ಮ ರಾಜ್ಯದ ಬಜೆಟ್ಟಿನಲ್ಲಿ ಅದಿರಿನ ರಾಜಧನ ಎಲ್ಲಿ ಕೂತಿದೆ ನೋಡಿ: ರಾಜಸ್ವ ಜಮೆಯಲ್ಲಿ, ತೆರಿಗೆಯೇತರ ಆದಾಯ ಎಂಬ ತಲೆಬರಹದಡಿ. ಸಂಬಳ, ಪಿಂಚಣಿ, ಹಳೇ ಸಾಲದ ಬಡ್ಡಿ ಎಲ್ಲಕ್ಕೂ ಕೈಹಾಕುವ ಗಲ್ಲಾಪೆಟ್ಟಿಗೆ ಅದು. ಇದೇ ದೇಶದಲ್ಲಿ ಕೇಂದ್ರ ಸರ್ಕಾರ ತನ್ನ ಒಡೆತನದ ಕಂಪನಿಯೊಂದರ ಷೇರು ಮಾರಿದರೆ ಆ ಹಣ ಬಂಡವಾಳ ಜಮೆಗೆ ಹೋಗುತ್ತದೆ. ಮಾರಿದ ಮೇಲೆ ಆ ಆಸ್ತಿ ಸರ್ಕಾರದ ಬಳಿ ಇರುವುದಿಲ್ಲವಲ್ಲ, ಅದಕ್ಕೆ. ಒಂದು ಷೇರುಪತ್ರ ಕೈಬಿಟ್ಟರೆ ಆಸ್ತಿ ಕರಗಿತು ಎಂದು ಒಪ್ಪುವ ಲೆಕ್ಕ, ಒಂದು ಗುಡ್ಡವೇ ಕರಗಿದರೆ ಸಂಪಾದನೆಯಾಯಿತು ಎನ್ನುತ್ತದೆ.

ಕೊಳ್ಳುವವರು ಈ ತಪ್ಪು ಮಾಡುವುದಿಲ್ಲ. ಈ ಊರಿನ ದಲಾಲ್ ಸ್ಟ್ರೀಟಿನಲ್ಲಾಗಲಿ, ಬಾಂದ್ರಾ-ಕುರ್ಲಾ ಸಂಕೀರ್ಣದ ಗಾಜಿನ ಕಟ್ಟಡಗಳಲ್ಲಾಗಲಿ, ಗಣಿ ಕಂಪನಿಯೊಂದರ ಬಗ್ಗೆ ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು: ನೆಲದಡಿ ಇನ್ನೆಷ್ಟು ವರ್ಷದ ಅದಿರಿದೆ? ಗಣಿ ಹಕ್ಕಿಗೆ ದುಡ್ಡು ಕೊಟ್ಟ ಕಂಪನಿ ಅದನ್ನು ತನ್ನ ಆಸ್ತಿಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ಅಗೆದಂತೆಲ್ಲ ಅದರ ಮೌಲ್ಯವನ್ನು ಇಳಿಸುತ್ತ ಬರುತ್ತದೆ. ಅಂಥ ವಾರ್ಷಿಕ ವರದಿಗಳನ್ನು ಸಾಲು ಸಾಲಾಗಿ ಓದಿ ಗೊತ್ತು ನನಗೆ. ಕೊಂಡವರ ಪುಸ್ತಕದಲ್ಲಿ ಆಸ್ತಿಯಾಗಿರುವುದು ಮಾರಿದವರ ಪುಸ್ತಕದಲ್ಲಿ ಮಾತ್ರ ಆಸ್ತಿಯಾಗಿರಲೇ ಇಲ್ಲ. ಮಾರಿದವರು ಅಂದರೆ ನಾವು.

ಇದರಲ್ಲಿ ಭಾಷೆಯ ಪಾತ್ರವೂ ಇದೆ. ‘ರಾಯಲ್ಟಿ’ಗೆ ನಾವು ‘ರಾಜಧನ’ ಎಂದೆವು. ಕಚೇರಿ ಕನ್ನಡದಲ್ಲಿ ‘ಧನ’ದ ಒಂದು ದೊಡ್ಡ ಕುಟುಂಬವೇ ಇದೆ: ಗೌರವಧನ, ಸಹಾಯಧನ, ಪ್ರೋತ್ಸಾಹಧನ, ಪರಿಹಾರಧನ. ಇವೆಲ್ಲ ಯಾರೋ ದೊಡ್ಡವರು ಮನಸ್ಸು ಮಾಡಿ ಕೊಡುವಂಥವು. ಆ ಸಾಲಿನಲ್ಲಿ ನಿಂತ ರಾಜಧನವೂ ರಾಜನಿಗೆ ಸಲ್ಲುವ ಕಪ್ಪಕಾಣಿಕೆಯಂತೆ ಕೇಳಿಸುತ್ತದೆ. ಕಾಣಿಕೆಗೆ ಬೆಲೆ ಕಟ್ಟುವವರುಂಟೇ? ಬಂದಷ್ಟು ಬಂತು, ಖರ್ಚು ಮಾಡಿದೆವು.

2024ರ ಜುಲೈ 25ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಎಂಟು ಮಂದಿಯ ಬಹುಮತದಿಂದ ಹೇಳಿತು: ರಾಜಧನ ತೆರಿಗೆಯಲ್ಲ, ಖನಿಜ ತೆಗೆಯುವ ಹಕ್ಕಿಗೆ ಪ್ರತಿಯಾಗಿ ಗುತ್ತಿಗೆದಾರ ಕರಾರಿನಂತೆ ಕೊಡುವ ಹಣ. ಅಂದರೆ ಅದೊಂದು ವಸ್ತುವಿನ ಬೆಲೆ. ತೀರ್ಪು ಬಂದ ಕೂಡಲೇ ರಾಜ್ಯಗಳು ಕೂತದ್ದು ಬೇರೆ ಲೆಕ್ಕಕ್ಕೆ: ಹಾಗಾದರೆ ರಾಜಧನದ ಮೇಲೆ ಪ್ರತ್ಯೇಕ ತೆರಿಗೆಯನ್ನೂ ಹಾಕಬಹುದಲ್ಲ, 2005ರ ಏಪ್ರಿಲ್‌ನಿಂದ ಬಾಕಿ ಎಷ್ಟು ಬಂದೀತು? ಬೆಲೆ ಎಂದಾದರೆ ಮಾರಿದ್ದು ಏನನ್ನು, ಆ ಹಣ ಯಾವ ಪೆಟ್ಟಿಗೆಗೆ ಸೇರಬೇಕು ಎಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ.

ಬಳ್ಳಾರಿಯ ಕಥೆಯನ್ನು ನಾವು ಕಳ್ಳತನದ ಕಥೆಯಾಗಿ ನೆನಪಿಟ್ಟುಕೊಂಡಿದ್ದೇವೆ. ಅದು ಸುಳ್ಳಲ್ಲ. 2011ರ ಜುಲೈಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ರಾಜ್ಯದ ಬೊಕ್ಕಸಕ್ಕಾದ ನಷ್ಟವನ್ನು ₹16,000 ಕೋಟಿಗೂ ಮಿಕ್ಕಿ ಎಂದು ಅಂದಾಜಿಸಿತು. ಮುಖ್ಯಮಂತ್ರಿ ಕುರ್ಚಿ ಬಿಟ್ಟರು. ಆದರೆ ಕದಿಯದೆ, ಕಾನೂನುಬದ್ಧವಾಗಿ ಮಾರಿದ ಅದಿರಿನ ಗತಿಯೇನಾಯಿತು? 2009ರ ಆಗಸ್ಟ್‌ವರೆಗೆ ಕೇಂದ್ರ ನಿಗದಿಪಡಿಸಿದ್ದ ರಾಜಧನ ಅತ್ಯುತ್ತಮ ದರ್ಜೆಯ ಅದಿರಿಗೂ ಟನ್ನಿಗೆ ₹30 ಮುಟ್ಟುತ್ತಿರಲಿಲ್ಲ. ಅದೇ ಟನ್ನು ಚೀನಾದ ಹಡಗು ಹತ್ತುವಾಗ ಸಾವಿರಾರು ರೂಪಾಯಿಯದಾಗಿರುತ್ತಿತ್ತು. ಆಮೇಲೆ ರಾಜಧನ ಬೆಲೆಯ ಶೇ. 10 ಆಯಿತು, 2014ರಲ್ಲಿ ಶೇ. 15 ಆಯಿತು. 2015ರ ಕಾಯ್ದೆ ತಿದ್ದುಪಡಿಯಿಂದ ಹರಾಜು ಬಂದು ಸರ್ಕಾರದ ಪಾಲು ಇನ್ನೂ ಏರಿತು. ಇದು ದೊಡ್ಡ ಸುಧಾರಣೆ, ಒಪ್ಪುತ್ತೇನೆ. ಆದರೆ ತೋಟವನ್ನು ಒಳ್ಳೆ ಬೆಲೆಗೆ ಮಾರಿದ ಮಾತ್ರಕ್ಕೆ ಆ ಹಣ ಸಂಬಳವಾಗುವುದಿಲ್ಲ.

ಜಿಲ್ಲಾ ಖನಿಜ ಪ್ರತಿಷ್ಠಾನ ಇದೆಯಲ್ಲ ಎನ್ನುವವರಿದ್ದಾರೆ. ಅದೇ 2015ರ ತಿದ್ದುಪಡಿಯಂತೆ ಹಳೆಯ ಗುತ್ತಿಗೆದಾರರು ರಾಜಧನದ ಶೇ. 30ರಷ್ಟನ್ನು, ಹರಾಜಿನಲ್ಲಿ ಪಡೆದವರು ಶೇ. 10ರಷ್ಟನ್ನು ಹೆಚ್ಚುವರಿಯಾಗಿ ಅಲ್ಲಿಗೆ ಕಟ್ಟುತ್ತಾರೆ. ಸುಪ್ರೀಂ ಕೋರ್ಟಿನ ನಿಗಾದಲ್ಲಿ ಕೂಡಿಟ್ಟ ಹಣ ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಪುನಶ್ಚೇತನಕ್ಕೆಂದು ಬೇರೆಯೇ ಇದೆ. ಇವೆರಡೂ ಬೇಕು. ಆದರೆ ಇವು ದೂಳು ಕುಡಿದ ಶ್ವಾಸಕೋಶಕ್ಕೆ, ಕೆಂಪಾದ ಹತ್ತಿಗೆ, ಬತ್ತಿದ ಹಳ್ಳಕ್ಕೆ ಕೊಡುವ ಪರಿಹಾರ. ಬಾಡಿಗೆದಾರ ಒಡೆದ ಕಿಟಕಿಗೆ ದುಡ್ಡು ಕಟ್ಟಿದರೆ, ಅದು ಮನೆಯ ಬೆಲೆಯಾಗುತ್ತದೆಯೇ?

ನನ್ನ ಸೋದರಮಾವ ಹೊಸಪೇಟೆಯವರು. 2008ರಲ್ಲಿ ಸಾಲ ಮಾಡಿ ಒಂದು ಟಿಪ್ಪರ್ ಕೊಂಡರು. ರಸ್ತೆಯುದ್ದಕ್ಕೂ ಅದಿರಿನ ಲಾರಿಗಳ ಸಾಲು, ಹಗಲು ರಾತ್ರಿ ಟ್ರಿಪ್ಪು. ಎರಡು ವರ್ಷ ಮನೆಗೆ ಹಬ್ಬ. ಬಂದ ಹಣದಲ್ಲಿ ಮೇಲುಮಹಡಿ ಎದ್ದಿತು, ಎರಡನೇ ಟಿಪ್ಪರಿಗೆ ಮುಂಗಡ ಹೋಯಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಗಣಿ ನಿಂತಿತು, ಕಂತು ನಿಲ್ಲಲಿಲ್ಲ. ಆರನೇ ತಿಂಗಳಿಗೆ ಫೈನಾನ್ಸಿನವರು ಎರಡೂ ಗಾಡಿ ಎಳೆದುಕೊಂಡು ಹೋದರು. ಮಾವ ಯಾರನ್ನೂ ಬೈಯುವುದಿಲ್ಲ. “ಗುಡ್ಡ ಕರಗ್ತಿತ್ತು, ನಾವು ದುಡೀತಿದೀವಿ ಅನ್ಕಂಡ್ವಿ” ಎನ್ನುತ್ತಾರೆ. ಅರ್ಥಶಾಸ್ತ್ರ ಓದಿದವರು ನೂರು ಪುಟದಲ್ಲಿ ಹೇಳುವುದನ್ನು ಅವರು ಒಂದು ಸಾಲಿನಲ್ಲಿ ಹೇಳಿದ್ದಾರೆ. ಮಾವನ ಎರಡು ಟಿಪ್ಪರಿನ ಲೆಕ್ಕವೂ ಸರ್ಕಾರದ ಬಜೆಟ್ಟಿನ ಲೆಕ್ಕವೂ ಒಂದೇ. ವ್ಯತ್ಯಾಸವೆಂದರೆ ಸರ್ಕಾರದ ಗಾಡಿಯನ್ನು ಎಳೆದೊಯ್ಯುವವರು ಇನ್ನೂ ಬಂದಿಲ್ಲ.

ಬಂದಾಗ ಹೇಗಿರುತ್ತದೆಂದು ನೋಡಬೇಕಾದರೆ ಕೋಲಾರದ ಚಿನ್ನದ ಗಣಿಗೆ ಹೋಗಿ. 1880ರ ದಶಕದಿಂದ ಲಂಡನ್ನಿನ ಜಾನ್ ಟೇಲರ್ ಕಂಪನಿ ಅಲ್ಲಿ ಅಗೆಯಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹರಿದದ್ದು ಆ ಗಣಿಗೆ. ಬೆಂಗಳೂರಿನ ಬೀದಿದೀಪ ಹೊತ್ತಿದ್ದು ಆಮೇಲೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವ ಹೊತ್ತಿಗೆ ಆ ನೆಲದಿಂದ ಸುಮಾರು 800 ಟನ್ ಚಿನ್ನ ಹೊರಬಂದಿತ್ತು. ಇಂದು ಊರಿಗೆ ಉಳಿದಿರುವುದು ಸೈನೈಡ್ ಬೆರೆತ ಮಣ್ಣಿನ ದಿಬ್ಬಗಳು, ಬೆಳಗಾಗೆದ್ದು ಕೂಲಿಗೆ ಬೆಂಗಳೂರಿಗೆ ಸಾವಿರಾರು ಜನರನ್ನು ಹೊರುವ ರೈಲುಗಳು. ಲಾಭಾಂಶ ಲಂಡನ್ನಿಗೆ ಹೋಯಿತು, ಅದು ವಸಾಹತು ಕಾಲದ ಅನ್ಯಾಯ, ಸರಿ. 1956ರಲ್ಲಿ ಗಣಿ ಸರ್ಕಾರದ್ದಾಯಿತಲ್ಲ? ಆಮೇಲಿನ 45 ವರ್ಷಗಳಲ್ಲೂ ಯಾರೂ ಆ ಊರಿನ ಹೆಸರಿನಲ್ಲೊಂದು ಇಡುಗಂಟು ಕಟ್ಟಲಿಲ್ಲ.

ಕಟ್ಟಿದವರಿದ್ದಾರೆ. ನಾರ್ವೆ 1990ರಲ್ಲಿ ಕಾನೂನು ಮಾಡಿ ತೈಲದ ಹಣವನ್ನು ನಿಧಿಗೆ ಹಾಕಿತು; ನಿಧಿಯ ನಿರೀಕ್ಷಿತ ಗಳಿಕೆಯಷ್ಟನ್ನು, ಈಗ ಶೇ. 3ರ ಲೆಕ್ಕದಲ್ಲಿ, ಖರ್ಚಿಗೆ ತೆಗೆಯುತ್ತದೆ. ಅದು ಶ್ರೀಮಂತರ ಮಾತು ಅನ್ನುತ್ತೀರಾ? ಬೋಟ್ಸ್ವಾನಾ 1966ರಲ್ಲಿ ಸ್ವತಂತ್ರವಾದಾಗ ಜಗತ್ತಿನ ಕಡುಬಡ ದೇಶಗಳಲ್ಲೊಂದು. ಮರುವರ್ಷ ವಜ್ರ ಸಿಕ್ಕಿತು. ವಜ್ರದ ಹಣ ಶಾಲೆ, ರಸ್ತೆ, ಆಸ್ಪತ್ರೆಯಂಥ ಹೂಡಿಕೆಗೇ ಹೋಗಬೇಕು, ಸಂಬಳ ಸಾರಿಗೆಗಲ್ಲ ಎಂಬ ಕಟ್ಟುಪಾಡನ್ನು ಅದು ದಶಕಗಳ ಕಾಲ ಪಾಲಿಸಿತು. ವಜ್ರದ ಬೆಲೆ ಕುಸಿದು ಈಚೆಗೆ ಅದಕ್ಕೂ ಕಷ್ಟ ಬಂದಿದೆ. ಆದರೆ ಕಷ್ಟ ಬರುವ ಹೊತ್ತಿಗೆ ಒಂದು ದೇಶವೇ ಎದ್ದು ನಿಂತಿತ್ತು. ಇನ್ನೊಂದು ತುದಿಯಲ್ಲಿ ನೌರು ಎಂಬ ಪುಟ್ಟ ದ್ವೀಪವಿದೆ. ರಂಜಕದ ಹಣದಲ್ಲಿ ನಿಧಿಯನ್ನೇನೋ ಮಾಡಿತು, ಮೆಲ್ಬರ್ನಿನಲ್ಲಿ 52 ಅಂತಸ್ತಿನ ಕಟ್ಟಡ ಎಬ್ಬಿಸಿತು, 1993ರಲ್ಲಿ ಲಂಡನ್ನಿನ ಒಂದು ಸಂಗೀತ ನಾಟಕಕ್ಕೂ ಹಣ ಸುರಿದು ಕಳೆದುಕೊಂಡಿತು. ಕೊನೆಗೆ ಸಾಲಕ್ಕಾಗಿ ಕಟ್ಟಡವೂ ಹೋಯಿತು.

ದೂರದ ಮಾತು ಬೇಡವೆಂದರೆ ನಮ್ಮ ಪಕ್ಕದ ಗೋವಾ ಇದೆ. ಅದಿರು ಮಾರಿದ ಹಣದ ಶೇ. 10ರಷ್ಟನ್ನು ಮುಂದಿನ ಪೀಳಿಗೆಗಳಿಗಾಗಿ ಶಾಶ್ವತ ನಿಧಿಯಲ್ಲಿಡಬೇಕೆಂದು 2014ರ ಏಪ್ರಿಲ್ 21ರಂದು ಸುಪ್ರೀಂ ಕೋರ್ಟು ಆದೇಶಿಸಿತು. ಅದೇ ಕೋರ್ಟು, ಅದೇ ಅದಿರು, ನಡುವೆ ಒಂದು ಗಡಿ. ಗಡಿಯ ಈಚೆಗೆ ಹುಟ್ಟಿದ ಮಕ್ಕಳು ಮಾಡಿದ ತಪ್ಪೇನು?

ನನಗೆ ಕೇಳಿಬರುವ ಎರಡು ಆಕ್ಷೇಪಗಳಿಗೆ ಉತ್ತರ ಕೊಡಲೇಬೇಕು.

ಮೊದಲನೆಯದು: ಹಸಿದವರ ಮುಂದೆ ಉಳಿತಾಯದ ಉಪದೇಶ ಮಾಡುವುದು ಕ್ರೌರ್ಯ. ಒಪ್ಪುವ ಮಾತು, ಅದಿರಿನ ಹಣ ಹಸಿದವರ ತಟ್ಟೆಗೇ ಹೋಗುತ್ತಿದ್ದರೆ. ಹೋಗಿದ್ದರೆ, ದಶಕಗಳ ಗಣಿಗಾರಿಕೆಯ ನಂತರವೂ ಸಂಡೂರಿನ ಹಳ್ಳಿಗಳು ಪುನಶ್ಚೇತನದ ಹಣಕ್ಕೆ ಕಾಯಬೇಕಿರಲಿಲ್ಲ. ಬಡವರಿಗೇ ಕೊಡುವುದಾದರೆ ನೇರ ದಾರಿಯಿದೆ. ಅಮೆರಿಕದ ಅಲಾಸ್ಕಾ ರಾಜ್ಯ 1982ರಿಂದ ತನ್ನ ತೈಲನಿಧಿಯ ಗಳಿಕೆಯಲ್ಲೊಂದು ಪಾಲನ್ನು ಪ್ರತಿ ನಿವಾಸಿಗೂ ಚೆಕ್ಕಾಗಿ ಹಂಚುತ್ತಿದೆ. ಅಸಲು ಉಳಿಯುತ್ತದೆ, ಬಡ್ಡಿ ಹಂಚಿಕೆಯಾಗುತ್ತದೆ.

ಎರಡನೆಯದು: ನಿಧಿ ಕಟ್ಟಿದರೆ ರಾಜಕಾರಣಿಗಳು ನುಂಗುತ್ತಾರೆ, ನೌರು ನೋಡಿ. ನೋಡಿದ್ದೇನೆ. ಅಲ್ಲಿ ನಿಧಿಯಿತ್ತು, ಅಸಲು ಮುಟ್ಟದಂತೆ ತಡೆಯುವ ಬೇಲಿ ಇರಲಿಲ್ಲ. ನಿಧಿಯಿದ್ದರೆ ಕದ್ದದ್ದು ಕಾಣುತ್ತದೆ. ಬಜೆಟ್ಟಿನಲ್ಲಿ ಕರಗಿಹೋದದ್ದಕ್ಕೆ ಕಳವು ಎಂಬ ಹೆಸರೂ ಇರುವುದಿಲ್ಲ.

ಹಾಗಾಗಿ ನಾನು ಕೇಳುವುದು ಮೂರು ಸಂಗತಿ. ಕರ್ನಾಟಕದ ಬಜೆಟ್ಟಿನಲ್ಲಿ ಖನಿಜದ ಹಣವನ್ನು ಬಂಡವಾಳ ಜಮೆ ಎಂದು ಬರೆಯಿರಿ. ಲೆಕ್ಕದ ನಿಯಮ ಅಡ್ಡಬಂದರೆ ಪಕ್ಕದಲ್ಲಿ ಇನ್ನೊಂದು ಪಟ್ಟಿ ಕೊಟ್ಟು, ಈ ವರ್ಷ ಎಷ್ಟು ಟನ್ ಕಳೆದುಕೊಂಡೆವೆಂದು ತೋರಿಸಿ. ಆ ಹಣವನ್ನು ಕಾನೂನಿನ ಬೇಲಿಯಿರುವ ಶಾಶ್ವತ ನಿಧಿಗೆ ಹಾಕಿ, ಅಸಲು ಮುಟ್ಟದಿರಿ. ಆ ನಿಧಿಯ ಲೆಕ್ಕವನ್ನು ಪ್ರತಿವರ್ಷ ಕನ್ನಡದಲ್ಲಿ, ಗ್ರಾಮಸಭೆಯಲ್ಲಿ ಓದಿಹೇಳುವಂತೆ ಪ್ರಕಟಿಸಿ. ಅನುವಾದಕ್ಕೆ ಜನ ಬೇಕಾದರೆ ನಾನಿದ್ದೇನೆ, ದುಡ್ಡು ಬೇಡ.

ನಮ್ಮ ಮೇಲೂ ಹೊಣೆಯಿದೆ. ಈ ಪತ್ರ ಓದುವ ನಿಮ್ಮಲ್ಲಿ ಹಲವರಿಗೆ, ನನಗೂ, ತಿಂಗಳಿಗಿಷ್ಟು ಎಂದು ಮ್ಯೂಚುವಲ್ ಫಂಡಿಗೆ ಕಟ್ಟುವ ರೂಢಿಯಿದೆ. ಅದರೊಳಗೆಲ್ಲೋ ಉಕ್ಕಿನ ಷೇರಿದೆ, ಗಣಿಯ ಷೇರಿದೆ. ನಿವೃತ್ತಿಯವರೆಗೆ ಅಸಲು ಮುಟ್ಟಬಾರದೆಂದು ನಾವು ಮಕ್ಕಳಿಗೂ ಹೇಳಿಕೊಡುತ್ತೇವೆ. ನಮ್ಮ ಸ್ವಂತ ಹಣದ ವಿಷಯದಲ್ಲಿ ಇಷ್ಟು ಜಾಣರಾದವರು ಊರಿನ ಹಣದ ವಿಷಯದಲ್ಲಿ ಮುಗ್ಧರಂತೆ ನಟಿಸಬಾರದು.

ಆ ಕೈಪಿಡಿ ಮುದ್ರಣವಾಗಿ ಹಂಚಿಕೆಯೂ ಆಗಿರಬೇಕು. ಅದರಲ್ಲಿ ‘ಖನಿಜ ಆದಾಯ’ ಎಂದೇ ಇದೆ, ಬರೆದ ಕೈ ನನ್ನದೇ. ಇನ್ನೊಂದು ಅವಕಾಶ ಸಿಕ್ಕರೆ ನಾಲ್ಕು ಪದದ ಜಗಳ ಆಡುವುದಿಲ್ಲ. ‘ಧನ’ದ ಕುಟುಂಬದಲ್ಲೇ ನಮ್ಮ ಅಜ್ಜಂದಿರು ಬಡ್ಡಿ ಲೆಕ್ಕಕ್ಕೆ ಬಳಸುತ್ತಿದ್ದ ಇನ್ನೊಂದು ಪದವಿದೆ. ರಾಜಧನವನ್ನು ಹೊಡೆದು ಹಾಕಿ, ಅದರ ಮೇಲೆ ಆ ಪದ ಬರೆಯುತ್ತೇನೆ: ಮೂಲಧನ.