ಗೋಕರ್ಣದಲ್ಲಿ ಚಕ್ರಕ್ಕೆ ರಜೆ

ಸೈಕಲ್ಲೇರಿ ದೂರಪ್ರಯಾಣ ಹೊರಡುವವರ ಟಿಪ್ಪಣಿ ಪುಸ್ತಕದಲ್ಲಿ ಊರುಗಳಿರುತ್ತವೆ, ಕಿಲೋಮೀಟರುಗಳಿರುತ್ತವೆ, ಯಾವ ಊರಿನಲ್ಲಿ ಬನ್ಸ್ ಚೆನ್ನಾಗಿ ದೊರೆಯುವುದೆಂಬ ವಿವರವೂ ಇರುತ್ತದೆ. ಸುಮ್ಮನೆ ಕುಳಿತಿರುವ ದಿನ ಮಾತ್ರ ಇರುವುದಿಲ್ಲ. ಜನವರಿಯ ಒಂದು ನಸುಕಿನಲ್ಲಿ ಮಂಗಳೂರಿನಿಂದ ಕಾರವಾರಕ್ಕೆ ಹೊರಟ ಮಾವ ಮತ್ತು ಸೋದರಳಿಯರ ಪುಸ್ತಕದಲ್ಲಿ ಅದು ಇತ್ತು. ಐದನೆಯ ದಿನದ ಎದುರಿಗೆ ಅಳಿಯ ‘ಗೋಕರ್ಣ: ವಿಶ್ರಾಂತಿ’ ಎಂದು ಬರೆದಿದ್ದ. ಅದರ ಪಕ್ಕದಲ್ಲಿ ಮಾವನವರ ದುಂಡಗಿನ ಅಕ್ಷರದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯಿತ್ತು.

ಮಾವನವರು ಅರವತ್ತು ತುಂಬಿ ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿ ಎರಡು ತಿಂಗಳಾಗಿತ್ತು. ‘ಮೊನ್ನೆಯಷ್ಟೇ ಆಜೀವ ರಜೆ ಕೊಟ್ಟು, ಶಾಲು ಹೊದಿಸಿ ಕಳುಹಿಸಿದ್ದಾರೆ. ಇನ್ನೂ ಒಂದು ರಜೆ ಬೇಕೇನೋ?’ ಎಂಬುದು ಅವರ ವಾದ. ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ದುಡಿಯುವ ಅಳಿಯನಿಗೆ ಇಪ್ಪತ್ತಾರು. ಅವನು ಇಂಥ ವಿಷಯಗಳನ್ನು ಓದಿಕೊಂಡವನು. ಫ್ರಾನ್ಸ್ ದೇಶವನ್ನು ಸುತ್ತುವ ಟೂರ್ ದ ಫ್ರಾನ್ಸ್ ಪಂದ್ಯ 1903ರಲ್ಲಿ ಮೊದಲ ಸಲ ನಡೆದಾಗ 2428 ಕಿಲೋಮೀಟರು ದಾರಿಯನ್ನು ಆರು ಹಂತಗಳಲ್ಲಿ, 19 ದಿನಗಳಲ್ಲಿ ಮುಗಿಸಿದರು. ಎಂದರೆ ತುಳಿದ ದಿನಗಳಿಗಿಂತ ಸುಧಾರಿಸಿಕೊಂಡ ದಿನಗಳೇ ಹೆಚ್ಚು. ಹಾಗಿದ್ದೂ ಹೊರಟ 60 ಮಂದಿಯಲ್ಲಿ ಗುರಿ ಮುಟ್ಟಿದವರು 21 ಮಂದಿ ಮಾತ್ರ. ಈಗಿನವರು 21 ಹಂತಗಳನ್ನು ತುಳಿಯುತ್ತಾರೆ, ನಡುವೆ ಸಾಮಾನ್ಯವಾಗಿ ಎರಡು ದಿನ ಬಿಡುವು. ಆ ಬಿಡುವಿನ ದಿನವೂ ಕಾಲು ಬಿಗಿಯದಿರಲೆಂದು ಗಂಟೆ ಎರಡು ಗಂಟೆ ನಿಧಾನವಾಗಿ ತುಳಿದು ಬರುತ್ತಾರೆ. ತುಳಿಯುವಾಗ ಸ್ನಾಯು ಸವೆಯುತ್ತದೆ, ಅದರೊಳಗಿನ ಸಕ್ಕರೆಯ ದಾಸ್ತಾನು ಬರಿದಾಗುತ್ತದೆ. ಅದು ಮತ್ತೆ ತುಂಬಿಕೊಳ್ಳಲು ಊಟ ಬೇಕು, ನಿದ್ರೆ ಬೇಕು, ಒಂದು ಹಗಲು ಒಂದು ಇರುಳಾದರೂ ಬೇಕು. ಅಳಿಯ ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದಾಗ ಮಾವನವರು, ‘ಆ 21 ಮಂದಿಯಲ್ಲಿ ಪಿಂಚಣಿದಾರರು ಎಷ್ಟು ಜನವಪ್ಪ?’ ಎಂದು ಕೇಳಿದರು.

ದಾರಿಯ ವರ್ಣನೆ ಇಲ್ಲಿ ಬೇಡ. ಒಂದು ಕಡೆ ಸೌಪರ್ಣಿಕೆಯೂ ಮತ್ತೊಂದು ಕಡೆ ಕಡಲೂ ಇರುವ ಮರವಂತೆಯ ರಸ್ತೆಯನ್ನು ಕಂಡವರಿಗೆ ಅದನ್ನು ಹೇಳಬೇಕಾಗಿಲ್ಲ. ಕಾಣದವರಿಗೆ ಹೇಳಿ ಪ್ರಯೋಜನವಿಲ್ಲ. ಹೆದ್ದಾರಿ ಬಿಟ್ಟು ಏರಿಳಿತದ ಹತ್ತು ಕಿಲೋಮೀಟರು ದಾರಿಯನ್ನು ತುಳಿದು ಅವರು ಗೋಕರ್ಣ ತಲುಪಿದಾಗ ದೀಪ ಹೊತ್ತಿಸುವ ಹೊತ್ತು. ಆ ಕೊನೆಯ ಏರಿನಲ್ಲಿ ಮಾವನವರು ಎರಡು ಬಾರಿ ಇಳಿದು ಸೈಕಲ್ಲನ್ನು ತಳ್ಳಿದರು. ‘ಸಂಜೆಯ ಗಾಳಿ ಚೆನ್ನಾಗಿದೆ, ನಡೆಯೋಣವೆನ್ನಿಸಿತು’ ಎಂದರು.

ಬಿಡುವಿನ ದಿನ ಬೆಳಗಾಯಿತು. ಕಡಲೂರಿನಲ್ಲಿ ಕೆಲಸವಿಲ್ಲದೆ ಏಳುವ ಸುಖ ಬೇರೆ ಬಗೆಯದು. ಗಡಿಯಾರ ಯಾರನ್ನೂ ಕರೆಯುವುದಿಲ್ಲ. ಅಲೆಯ ಸದ್ದು ಮಾತ್ರ ಒಂದೇ ಸಮನೆ ಬರುತ್ತಿರುತ್ತದೆ. ಬೀದಿಯಲ್ಲಿ ಹಾಲಕ್ಕಿ ಹೆಂಗಸರು ಕೊರಳ ತುಂಬ ಕರಿಮಣಿ ತೊಟ್ಟು ಹೂವು, ಹರಿವೆ ಸೊಪ್ಪು ಹರಡಿಕೊಂಡು ಕುಳಿತಿದ್ದರು. ಯಶವಂತ ಚಿತ್ತಾಲರನ್ನು ಓದಿದ್ದ ಅಳಿಯನಿಗೆ ಹತ್ತಿರದ ಹನೇಹಳ್ಳಿಗೆ ಒಮ್ಮೆ ಹೋಗಿ ಬರಬೇಕೆಂಬ ಆಸೆಯಿತ್ತು. ಆದರೆ ವಿಶ್ರಾಂತಿ ಎಂದು ಬರೆದವನು ತಾನೇ ಆದ್ದರಿಂದ ಬಾಯಿ ಬಿಡಲಿಲ್ಲ.

ಮಹಾಬಲೇಶ್ವರನ ದರ್ಶನ ಮಾಡಿ ಇಬ್ಬರೂ ಕೋಟಿತೀರ್ಥಕ್ಕೆ ಬಂದರು. ಮಾವನವರು ಹಾಸ್ಯದ ಧಾಟಿಯಲ್ಲೇ ಹೇಳಿದರು: ‘ಈ ಊರಿನ ಕಥೆ ಗೊತ್ತಲ್ಲ? ಕ್ಷಣಕಾಲವೆಂದು ಕೆಳಗಿಟ್ಟ ಲಿಂಗವನ್ನು ಮತ್ತೆ ಎತ್ತಲು ರಾವಣನಿಗೇ ಆಗಲಿಲ್ಲ. ಇಲ್ಲಿ ಒಂದು ದಿನ ಕೂತರೆ ನಾನು ಮತ್ತೆ ಏಳುತ್ತೇನೋ ಇಲ್ಲವೋ.’ ಅಳಿಯ ನಕ್ಕ. ಅನಂತರ ನಗು ನಿಂತಿತು. ಮಾವನವರು ಕೆರೆಯ ಮೆಟ್ಟಿಲುಗಳನ್ನು ನೇರವಾಗಿ ಇಳಿಯುತ್ತಿರಲಿಲ್ಲ. ಏಡಿಯಂತೆ ಓರೆಯಾಗಿ, ಪ್ರತಿ ಮೆಟ್ಟಿಲಿಗೂ ಎರಡೂ ಪಾದಗಳನ್ನು ಊರಿ ಇಳಿಯುತ್ತಿದ್ದರು.

‘ಮಾವ, ಮೊಣಕಾಲು ನೋಯುತ್ತಿದೆಯೆ?’

‘ಏನಿಲ್ಲ. ಪಾಚಿ ಕಟ್ಟಿದೆ, ಜಾರುತ್ತದೆ.’

ಮೆಟ್ಟಿಲು ಒಣಗಿತ್ತು.

ಅಳಿಯನಿಗೆ ಸಂಕಟವಾದದ್ದು ಸಹಜ. ಹೊರಡುವ ಮುನ್ನ ಅತ್ತೆ ಅವನನ್ನು ಅಡುಗೆಮನೆಗೆ ಕರೆದು ಮಾತು ತೆಗೆದುಕೊಂಡಿದ್ದರು. ನೋವೆಂದ ಮೊದಲ ದಿನವೇ ರೈಲು ಹತ್ತಿಸಬೇಕು, ಅವರ ಹಟಕ್ಕೆ ಸೋಲಬಾರದು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ಕರಾವಳಿಯಲ್ಲಿ ಸೋಲೊಪ್ಪಿಕೊಳ್ಳುವುದು ಸುಲಭವಾಗಿದೆ. ಗೋಕರ್ಣ ರೋಡ್ ನಿಲ್ದಾಣ ಊರಿನಿಂದ ಬಹುದೂರವೇನಲ್ಲ. ಆದರೆ ಮಾವ ನೋವೆಂದು ಹೇಳಿರಲಿಲ್ಲ. ಹೇಳದ ನೋವಿಗೆ ರೈಲು ಹತ್ತಿಸುವುದು ಹೇಗೆ?

ಅವನು ಮಾವನವರನ್ನು ವಸತಿಗೃಹದ ಜಗಲಿಯಲ್ಲಿ ಕೂರಿಸಿ, ಬ್ರೇಕು ಬಿಗಿಸಿಕೊಂಡು ಬರುವೆನೆಂದು ಹೇಳಿ, ಎರಡು ಕೈಗಳಲ್ಲಿ ಎರಡು ಸೈಕಲ್ಲುಗಳನ್ನು ತಳ್ಳಿಕೊಂಡು ರಿಪೇರಿ ಅಂಗಡಿಗೆ ಹೋದ. ಅಂಗಡಿಯವರು ಬ್ರೇಕನ್ನು ನೋಡುವ ಮೊದಲೇ ಮಾವನವರ ಸೈಕಲ್ಲಿನ ಸೀಟಿನ ಮೇಲೆ ಕೈಯಿಟ್ಟರು.

‘ಇದು ಶಾಲೆ ಹುಡುಗರದ್ದಾ?’

‘ಅಲ್ಲ, ನಮ್ಮ ಮಾವನದು. ನನಗಿಂತ ಎತ್ತರ ಅವರು.’

ಅಂಗಡಿಯವರು ಮಾತನಾಡದೆ ತಿರುಪನ್ನು ಸಡಿಲಿಸಿ ಸೀಟಿನ ಕೊಳವೆಯನ್ನು ಮೇಲಕ್ಕೆಳೆದರು. ನಾಲ್ಕು ಬೆರಳಿನಷ್ಟು ಮೇಲೆ ಬಂದಾಗ ಹಳೆಯ ಬಿಗಿತದ ಗುರುತು ಬಳೆಯಂತೆ ಕಾಣಿಸಿತು. ‘ಇಲ್ಲಿದ್ದದ್ದನ್ನ ಯಾರೋ ಇಳಿಸಿದ್ದಾರೆ. ಮೊಣಕಾಲು ಹಿಡಿದುಕೊಂಡಿರಬೇಕಲ್ಲ ಅವರಿಗೆ?’

ಇದರ ಲೆಕ್ಕ ಸರಳವಾದುದು. ಸೀಟು ತಗ್ಗಾದಷ್ಟೂ ಪೆಡಲು ಮೇಲೆ ಬಂದಾಗ ಮೊಣಕಾಲು ಹೆಚ್ಚು ಮಡಿಯುತ್ತದೆ. ಮಡಿದ ಕಾಲಿನಿಂದ ಬಲ ಹಾಕಿದಾಗ ಚಿಪ್ಪಿನ ಮೇಲೆ ಒತ್ತಡ ಬೀಳುತ್ತದೆ. ನಿಮಿಷಕ್ಕೆ 60 ಸುತ್ತೆಂದರೆ ಗಂಟೆಗೆ 3600. ದಿನಕ್ಕೆ ನಾಲ್ಕು ಗಂಟೆಯ ತುಳಿತಕ್ಕೆ 14,400. ಒಂದು ಅಂಗುಲದ ತಪ್ಪನ್ನು ಅಷ್ಟು ಬಾರಿ ಮಾಡಿದರೆ ಯಾವ ಮೊಣಕಾಲು ತಾಳೀತು?

ಅಳಿಯ ಹಿಂದಿರುಗಿ ಬಂದು ಏನನ್ನೂ ಕೇಳಲಿಲ್ಲ. ಸೈಕಲ್ಲನ್ನು ಜಗಲಿಗೆ ಒರಗಿಸಿ, ಆ ಬಳೆಯ ಗುರುತನ್ನು ತೋರಿಸಿದ. ಮಾವನವರು ಬಹಳ ಹೊತ್ತು ಅದನ್ನೇ ನೋಡಿದರು.

‘ಕುಂದಾಪುರದ ಹತ್ತಿರ ಒಂದು ಲಾರಿ ಮೈಗೆ ಉಜ್ಜಿದ ಹಾಗೆ ಹೋಯಿತಲ್ಲ, ನೀನು ಮುಂದಿದ್ದೆ, ನಿನಗೆ ಕಾಣಲಿಲ್ಲ. ಕಾಲು ಊರೋಣವೆಂದರೆ ನೆಲ ಸಿಗಲಿಲ್ಲ ಕಣೋ. ಆ ರಾತ್ರಿ ನೀನು ಮಲಗಿದ ಮೇಲೆ ಇಳಿಸಿದೆ. ಎರಡು ಪಾದವೂ ನೆಲಕ್ಕೆ ತಾಗಿದರೆ ಧೈರ್ಯ ನೋಡು.’

‘ನನಗೆ ಹೇಳಬಹುದಿತ್ತಲ್ಲ ಮಾವ.’

‘ಹೇಳಿದ್ದರೆ ನೀನು ನಿಮ್ಮತ್ತೆಗೆ ಹೇಳುತ್ತಿದ್ದೆ.’

ಇದಕ್ಕೆ ಅಳಿಯನಲ್ಲಿ ಉತ್ತರವಿರಲಿಲ್ಲ.

ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಒಂದೆಲಗದ ತಂಬುಳಿ, ಮೇಲೊಂದು ಲೋಟ ಕೋಕಂ ಪಾನಕ. ಸೋಡಾ ಅಂಗಡಿಯಿಂದ ತಂದ ಮಂಜುಗಡ್ಡೆಯನ್ನು ಟವಲಿನಲ್ಲಿ ಸುತ್ತಿ ಮೊಣಕಾಲಿನ ಮೇಲಿಟ್ಟುಕೊಂಡ ಮಾವನವರು, ಹಗಲು ನಿದ್ದೆ ತಮಗೆ ಬರುವುದೇ ಇಲ್ಲವೆಂದು ಹೇಳುತ್ತಿದ್ದಂತೆಯೇ ಗೊರಕೆ ಹೊಡೆಯತೊಡಗಿದರು. ನೌಕರಿಯ ವರ್ಷಗಳಲ್ಲಿ ಜಮೆಯಾಗಿದ್ದ ನಿದ್ದೆಯೆಲ್ಲ ಆ ಎರಡು ಗಂಟೆಗಳಲ್ಲಿ ಬಡ್ಡಿಸಹಿತ ವಸೂಲಾಯಿತೋ ಏನೋ.

ಹುಣ್ಣಿಮೆ ಕಳೆದು ಒಂದು ದಿನವಾಗಿತ್ತು. ಸಂಜೆ ಐದರ ಮೇಲೆ ಕಡಲು ಬಹಳ ಹಿಂದಕ್ಕೆ ಸರಿಯುವುದೆಂದು ಬಲೆ ಒಣಗಿಸುತ್ತಿದ್ದವರು ಹೇಳಿದ್ದರು. ಇಳಿತದ ಹೊತ್ತಿನಲ್ಲಿ ನೀರಿನ ಅಂಚಿನ ಒದ್ದೆ ಮರಳು ಗಟ್ಟಿಯಾಗಿರುತ್ತದೆ. ಚಕ್ರ ಹೂತುಕೊಳ್ಳುವುದಿಲ್ಲ, ಬಿದ್ದರೆ ಪೆಟ್ಟೂ ಆಗುವುದಿಲ್ಲ. ಅಳಿಯ ಮಾವನವರ ಸೈಕಲ್ಲನ್ನು ಅಲ್ಲಿಗೆ ತಂದ. ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟಾಗ ಕಾಲು ನೇರವಾಗುವಷ್ಟು ಸೀಟು ಎತ್ತರವಾಗಿತ್ತು.

ಕಲಿಯಬೇಕಾದದ್ದು ಏರುವುದಲ್ಲ, ನಿಲ್ಲುವುದು. ಸೀಟಿನ ಮೇಲೆ ಕುಳಿತೇ ಕಾಲು ಊರಲು ನೋಡಬಾರದು. ಬ್ರೇಕು ಹಿಡಿಯುತ್ತಲೇ ಸೀಟಿನಿಂದ ಮುಂದಕ್ಕೆ ಜಾರಿ, ಒಂದು ಪಾದವನ್ನು ಕೆಳಗಿನ ಪೆಡಲಿನ ಮೇಲಿಟ್ಟು, ಇನ್ನೊಂದನ್ನು ನೆಲಕ್ಕಿಳಿಸಬೇಕು. ಅಳಿಯ ಹಿಂದಿನಿಂದ ಸೀಟು ಹಿಡಿದು ಓಡಿದ. ಇಪ್ಪತ್ತು ವರ್ಷಗಳ ಹಿಂದೆ ಮೈಸೂರಿನ ಮೈದಾನವೊಂದರಲ್ಲಿ ಇದೇ ಮಾವನವರು ಹೀಗೆಯೇ ಅವನ ಹಿಂದೆ ಓಡಿದ್ದರು; ಈಗ ಅದನ್ನು ಇಬ್ಬರೂ ಎತ್ತಲಿಲ್ಲ. ಮೊದಲ ಬಾರಿ ಮಾವನವರು ಮರಳಿನ ಮೇಲೆ ಒರಗಿಯೇ ಬಿಟ್ಟರು. ಎರಡನೆಯ ಸಲವೂ ಬಿದ್ದರು. ಕಡಲೆಕಾಯಿ ತಿನ್ನುತ್ತ ಕುಳಿತಿದ್ದ ಯಾತ್ರಿಕರ ಸಂಸಾರವೊಂದು ಎದ್ದು ನಿಂತು ನೋಡಿತು. ಏಳನೆಯದೋ ಎಂಟನೆಯದೋ ಬಾರಿ, ‘ಹಿಡಿದಿದ್ದೀಯೇನೋ?’ ಎಂದು ಅವರು ಕೂಗಿದಾಗ ಉತ್ತರ ಬಹಳ ಹಿಂದಿನಿಂದ ಬಂತು.

ಉಪ್ಪುನೀರು ತಗುಲಿದ ಸರಪಳಿಯನ್ನು ಹಾಗೆಯೇ ಬಿಟ್ಟರೆ ಬೆಳಗಾಗುವುದರೊಳಗೆ ತುಕ್ಕು ಬಣ್ಣ ಕಾಣುತ್ತದೆ. ವಸತಿಗೃಹದ ಬಾವಿಕಟ್ಟೆಯಲ್ಲಿ ಅಳಿಯ ನೀರು ಸೇದಿ ಸುರಿದ. ಮಾವನವರು ಬಟ್ಟೆಯಿಂದ ಕೊಂಡಿಕೊಂಡಿಯಾಗಿ ಒರಸಿ ಎಣ್ಣೆ ಬಿಟ್ಟರು. ಕೈಯ ಎಣ್ಣೆ ತೊಳೆದುಕೊಳ್ಳುವ ಮೊದಲೇ ಮೈಸೂರಿಗೆ ಫೋನು ಮಾಡಿ, ಲಾರಿಯಿಂದ ಹಿಡಿದು ಮಂಜುಗಡ್ಡೆಯವರೆಗೆ ಎಲ್ಲವನ್ನೂ ತಾವಾಗಿಯೇ ಒಪ್ಪಿಸಿದರು. ಆ ಕಡೆಯಿಂದ ಬಹಳ ಹೊತ್ತು ಮಾತು ಬರಲಿಲ್ಲ. ಬಂದಾಗ ಅದು ಆಜ್ಞೆಯ ರೂಪದಲ್ಲಿತ್ತು: ‘ನಾಳೆ ಬೆಳಿಗ್ಗೆ ಆ ಮೆಟ್ಟಿಲನ್ನೇ ಇನ್ನೊಮ್ಮೆ ಇಳಿದು ನೋಡಿ. ಅವನು ಎದುರಿಗೆ ನಿಂತಿರಲಿ. ಅವನು ಹೇಳಿದ ಹಾಗೆ ಕೇಳಬೇಕು.’

ಮರುದಿನ ಇನ್ನೂ ಮಬ್ಬುಗತ್ತಲಿರುವಾಗ ಕೋಟಿತೀರ್ಥದ ಬಳಿ ಇಬ್ಬರೂ ನಿಂತಿದ್ದರು. ಮಾವನವರು ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿದರು. ಅಳಿಯ ನಾಲ್ಕು ಮೆಟ್ಟಿಲು ಕೆಳಗಿಳಿದು ಅವರ ಪಾದಗಳನ್ನೇ ನೋಡುತ್ತ ಎಣಿಸತೊಡಗಿದ. ಎಂಟು ಮೆಟ್ಟಿಲುಗಳನ್ನು ಅವರು ನೇರವಾಗಿ ಇಳಿದರು. ಕೊನೆಯ ಎರಡನ್ನು ಇಳಿಯುವಾಗ ಸ್ವಲ್ಪ ಓರೆಯಾದರು. ಇಳಿದು ನಿಂತು, ತೀರ್ಪಿಗೆ ಕಾದವರಂತೆ ಅಳಿಯನ ಮುಖ ನೋಡಿದರು.

‘ಅಂಕೋಲೆಯವರೆಗೆ ತುಳಿಯೋಣ ಮಾವ’ ಎಂದ ಅವನು. ‘ಅಲ್ಲಿಯೂ ಒಂದು ರೈಲು ನಿಲ್ದಾಣವಿದೆ.’