ಒಂದೇ ಮಣಿ, ಬೇರೆ ಬೇರೆ ಸರ

ತಟ್ಟೆಯಲ್ಲಿರುವ ಅನ್ನಕ್ಕೂ ಮೈಮೇಲಿನ ಹತ್ತಿ ಅಂಗಿಗೂ ಏನು ನಂಟು? ಅನ್ನದ ಪಿಷ್ಟ, ಹತ್ತಿಯ ಸೆಲ್ಯುಲೋಸ್ ಎರಡೂ ಗ್ಲೂಕೋಸ್ ಮಣಿಗಳನ್ನು ಪೋಣಿಸಿದ ಸರಗಳೇ! ಇಂಥ ಉದ್ದನೆಯ ಸರಗಳಿಗೆ ಪಾಲಿಸ್ಯಾಕರೈಡ್ ಎಂದು ಹೆಸರು. ಪಿಷ್ಟದಲ್ಲಿ ಮಣಿಗಳನ್ನು ಬೆಸೆಯುವುದು ಮುಖ್ಯವಾಗಿ ಆಲ್ಫಾ-1,4 ಕೊಂಡಿ. ಸೆಲ್ಯುಲೋಸ್‌ನಲ್ಲಿ ಬೀಟಾ-1,4 ಕೊಂಡಿ. ಮೊದಲನೆಯದನ್ನು ಕತ್ತರಿಸುವ ಕಿಣ್ವ ನಮ್ಮಲ್ಲಿದೆ, ಎರಡನೆಯದಕ್ಕೆ ಇಲ್ಲ. ಆದ್ದರಿಂದಲೇ ಅನ್ನ ಜೀರ್ಣವಾಗುತ್ತದೆ, ಹತ್ತಿ ಆಗದು.

ಕೊಂಡಿಯ ಗುರುತನ್ನು ನಮ್ಮ ರಕ್ಷಣಾ ಕೋಶಗಳೂ ಬಲ್ಲವು. ಯೀಸ್ಟ್‌ನಂಥ ಶಿಲೀಂಧ್ರಗಳ ಕೋಶಭಿತ್ತಿಯಲ್ಲಿ ಬೀಟಾ-1,3 ಕೊಂಡಿಯ ಗ್ಲೂಕಾನ್ ಇದೆ. ರೋಗಾಣುಗಳನ್ನು ನುಂಗುವ ಕೋಶಗಳ ಮೇಲಿರುವ ಡೆಕ್ಟಿನ್-1 ಎಂಬ ಗ್ರಾಹಕ ಇದನ್ನು ಹಿಡಿಯುತ್ತದೆಂದು 2001ರಲ್ಲಿ ತಿಳಿಯಿತು. ಪಿಷ್ಟವನ್ನು ಅದು ಗಮನಿಸುವುದೇ ಇಲ್ಲ.

ಕೊಂಡಿಯೊಂದೇ ಸಾಲದು, ರೂಪವೂ ಮುಖ್ಯ. ಕಣರೂಪದ ಯೀಸ್ಟ್ ಗ್ಲೂಕಾನ್ ತಗುಲಿದಾಗ ಕೋಶ ಎಚ್ಚೆತ್ತುಕೊಳ್ಳುತ್ತದೆ. ಕರಗಿದ ಗ್ಲೂಕಾನ್ ಗ್ರಾಹಕಕ್ಕೆ ಅಂಟಿದರೂ ಕೋಶವನ್ನು ಹಾಗೆ ಎಚ್ಚರಿಸದು. ಇದು 2011ರಲ್ಲಿ ಪ್ರಕಟವಾದ ಪ್ರಯೋಗಗಳ ಫಲ.

ಇನ್ನು ಸಸ್ಯಗಳ ಮಾತು. ಓಟ್ಸ್, ಬಾರ್ಲಿಗಳಲ್ಲೂ ಬೀಟಾ ಗ್ಲೂಕಾನ್ ಉಂಟು. ಆದರೆ ಅಲ್ಲಿ 1,3 ಮತ್ತು 1,4 ಕೊಂಡಿಗಳು ಬೆರೆತಿವೆ. ಹೆಸರು ಒಂದೇ, ಸರ ಬೇರೆ. ಯೀಸ್ಟಿನ ಗುಣವನ್ನು ಬಾರ್ಲಿಗೆ ಹಾಗೆಯೇ ಆರೋಪಿಸಲಾಗದು.

ಪರೀಕ್ಷೆ ಸಮೀಪಿಸಿದಾಗ ‘ರೋಗನಿರೋಧಕ ಶಕ್ತಿ ಹೆಚ್ಚಿಸುವ’ ಪುಡಿಯ ಡಬ್ಬಿ ಕೊಳ್ಳುವ ತಂದೆ-ತಾಯಂದಿರು ಇದನ್ನು ನೆನಪಿಡಬೇಕು. ಯಾವ ಮೂಲ, ಯಾವ ಕೊಂಡಿ, ಯಾವ ರೂಪ? ಉತ್ತರ ಸಿಕ್ಕರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕೋಶ ಎಚ್ಚೆತ್ತ ಮಾತ್ರಕ್ಕೆ ಮನೆಯಲ್ಲಿ ಮಗುವಿನ ನೆಗಡಿ ತಪ್ಪೀತೆ?