ಆ ಎರಡು ಪರ್ಸೆಂಟ್ ಯಾರ ತಲೆಗೆ?

ಮೊನ್ನೆ ನಮ್ಮ ಏರಿಯಾದ ಪಾತ್ರೆ ಅಂಗಡಿಗೆ ಮಿಕ್ಸಿ ತರೋಕೆ ಹೋಗಿದ್ದೆ. 4000 ರೂಪಾಯಿ ಬಿಲ್ಲು. ಕ್ರೆಡಿಟ್ ಕಾರ್ಡ್ ಚಾಚಿದರೆ ಅಂಗಡಿಯವರು, "ಸಾರ್, ಕಾರ್ಡಾದ್ರೆ ಎರಡು ಪರ್ಸೆಂಟ್ ಜಾಸ್ತಿ" ಅಂದರು. ನನಗೆ ಸಿಟ್ಟು ಬಂತು. ಒಂದು ಬೋರ್ಡಾದರೂ ಹಾಕಬಾರದಾ ಅಂತ ದಬಾಯಿಸಿದೆ.

ಮನೆಗೆ ಬಂದು ಲೆಕ್ಕ ಹಾಕಿದೆ ನೋಡಿ. 4000ಕ್ಕೆ ಶೇ. 2 ಅಂದ್ರೆ 80 ರೂಪಾಯಿ. ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ, 14.40. ಆ ಶುಲ್ಕವಂತೂ ಅವರ ಲಾಭದಲ್ಲೇ ಹೋಗಬೇಕು. ಇತ್ತ ನನಗೆ ಬಿಲ್ ಕಟ್ಟೋ ತನಕ ಬಡ್ಡಿಯಿಲ್ಲದ ಸಾಲ, ಮೇಲೆ ರಿವಾರ್ಡ್ ಪಾಯಿಂಟು!

"ಬೆಲೆಯಲ್ಲೇ ಸೇರಿಸಿಬಿಡಲಿ" ಅನ್ನೋರಿದ್ದಾರೆ. ಹಾಗೆ ಮಾಡಿದ್ರೆ ನನ್ನ ಪಾಯಿಂಟಿಗೆ, ನಗದು ಎಣಿಸಿಕೊಡೋ ಹೂವಿನ ಅಜ್ಜಿಯೂ ದುಡ್ಡು ಕಟ್ಟಬೇಕಾಗುತ್ತೆ. ಇದ್ಯಾವ ನ್ಯಾಯ?

ಹಾಗಂತ ಸುಲಿಗೆಗೆ ನಾನು ಒಪ್ಪಲ್ಲ. ಡೆಬಿಟ್ ಕಾರ್ಡಿಗೆ ಹೆಚ್ಚುವರಿ ಕೇಳಬಾರದು ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ. ರುಪೇ ಡೆಬಿಟ್ ಕಾರ್ಡಿಗೂ ಯುಪಿಐಗೂ ಅಂಗಡಿಯವರ ಮೇಲಿದ್ದ ಶುಲ್ಕವನ್ನು 2020ರ ಜನವರಿಯಲ್ಲಿ ತೆಗೆದರು. ಕ್ರೆಡಿಟ್ ಕಾರ್ಡಿಗೂ ಗ್ರಾಹಕರ ಹತ್ತಿರ ಕೇಳುವಂತಿಲ್ಲ ಅಂತ ಬ್ಯಾಂಕಿನ ಒಪ್ಪಂದದಲ್ಲಿ ಸಾಮಾನ್ಯವಾಗಿ ಇರುತ್ತೆ. ನನ್ನ ಪ್ರಕಾರ ಬದಲಾಗಬೇಕಾದ್ದು ಇದೊಂದೇ. ಸಣ್ಣ ಅಂಗಡಿಯವರು ತಾವು ಕಟ್ಟೋ ಅಷ್ಟನ್ನೇ ಕೇಳಲಿ. ಮೊದಲೇ ಬೋರ್ಡ್ ಹಾಕಲಿ, ಬಿಲ್ಲಲ್ಲೂ ಬರೆಯಲಿ. ಒಂದು ಪೈಸೆ ಹೆಚ್ಚು ಬೇಡ.

ಅವತ್ತು ಯುಪಿಐ ಮಾಡಿ ಬಂದೆ. ಮುಂದಿನ ಸಲ ಹೋದಾಗ ದಬಾಯಿಸಿದ್ದಕ್ಕೆ ಸಾರಿ ಕೇಳಬೇಕು. ಬೋರ್ಡಿನ ಮಾತು ಮಾತ್ರ ವಾಪಸ್ ತಗೊಳ್ಳಲ್ಲ!

ನೀವೇನಂತೀರಿ?